ಹರಕೆ ಹುಂಜದ ಕಾಲು

ಮತ್ತಿಮರದ ಬುಡದಲ್ಲಿ ನನಗೆ ದಿನವೂ ಏನಾದರೂ ಸಿಗುತ್ತಿತ್ತು. ಓತಿಕ್ಯಾತದ ಬಾಲ, ಅಳಿಲಿನ ಚರ್ಮ, ಇಲಿಯ ಬುರುಡೆ, ಅರಗದ ರೋಮವನ್ನೆಲ್ಲ ಒತ್ತಿ ಗಿಡುಗ ಉಗುಳಿದ ಬೂದುಬಣ್ಣದ ಉಂಡೆ. ಅವನ್ನು ಚಿಮಟದಲ್ಲಿ ಎತ್ತಿ, ಕಾಗದದಲ್ಲಿ ಸುತ್ತಿ, ಬಿಸ್ಕತ್ತಿನ ಡಬ್ಬಿಗೆ ಹಾಕಿಕೊಳ್ಳುವುದು ನನ್ನ ಕೆಲಸ. ಆ ಸೋಮವಾರ ಬೆಳಿಗ್ಗೆ ಒಣಗಿದ ಎಲೆಗಳ ನಡುವೆ ಬಿದ್ದಿದ್ದದ್ದು ಹುಂಜದ ಒಂದು ಕಾಲು. ಮಂಡಿಯ ಕೆಳಗಿನ ಭಾಗವಷ್ಟೇ ಉಳಿದಿತ್ತು. ಹಿಂದಿನ ಮುಳ್ಳು ಬಲಿತು ಬಾಗಿತ್ತು. ಅದರ ಮೇಲೆ ಅರಿಸಿನದ ದಾರ ಸುತ್ತಿತ್ತು. ಗಂಟಿನಲ್ಲಿ ಬೇವಿನ ಕಡ್ಡಿಯೊಂದು ಸಿಕ್ಕಿಕೊಂಡಿತ್ತು.

ಆ ದಾರ ಯಾರ ಮನೆಯದೆಂದು ನನಗೆ ಗೊತ್ತಿತ್ತು. ಆ ಊರಿನಲ್ಲಿ ಅದು ಗೊತ್ತಿಲ್ಲದವರೇ ಇರಲಿಲ್ಲ.

ತಲೆಯೆತ್ತಿ ನೋಡಿದೆ. ಮರದ ಮೇಲಿನ ಗೂಡಿನ ಅಂಚಿನಲ್ಲಿ ಗಿಡುಗದ ಮರಿ ನಿಂತು ರೆಕ್ಕೆ ಬಡಿಯುತ್ತಿತ್ತು. ಗಾಳಿಯ ಬಲಕ್ಕೆ ಮೈ ಮೇಲೇಳುತ್ತಿತ್ತು, ಕಾಲು ಮಾತ್ರ ಕಡ್ಡಿಗಳನ್ನು ಬಿಡುತ್ತಿರಲಿಲ್ಲ. ರೆಕ್ಕೆಯ ಗರಿಗಳು ಇನ್ನೂ ಗಿಡ್ಡ. ಹಾರಲು ಒಂದೆರಡು ವಾರವಾದರೂ ಬೇಕಿತ್ತು.

ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದಿದ ಮೇಲೆ ಜುಟ್ಟಿನ ಗಿಡುಗ ಏನು ತಿನ್ನುತ್ತದೆ, ಮರಿಯನ್ನು ಹೇಗೆ ಸಾಕುತ್ತದೆ ಎಂಬುದನ್ನು ನೋಡಲು ನಾನು ಆ ಕಡೆಗೆ ಹೋಗಿದ್ದೆ. ಹಂಪಾಪುರದಲ್ಲಿ ಚಿಕ್ಕಮ್ಮನ ಮನೆಯಿತ್ತು. ಚಿಕ್ಕಪ್ಪ ರಾಗಿ, ಹುರುಳಿ ವ್ಯಾಪಾರ ಮಾಡುತ್ತಿದ್ದರು. ಅಲ್ಲಿಂದ ಕಾಡಿನ ದಿಕ್ಕಿಗೆ ಗಾಡಿದಾರಿಯಲ್ಲಿ ನಡೆದರೆ ಈ ಸಣ್ಣ ಹಳ್ಳಿ. ಹಳ್ಳಿಯ ಕೊನೆಯ ಮನೆ ದಾಟಿದರೆ ಬಯಲು ಹೊಲ. ಹೊಲದ ತುದಿಗೆ ಮತ್ತಿಮರ. ನನ್ನನ್ನು ಕಳಿಸುವಾಗ ಪ್ರೊಫೆಸರು ಒಂದೇ ಮಾತು ಹೇಳಿದ್ದರು: “ಮರಿ ಹಾರುವವರೆಗೆ ನೋಡಿ ಬನ್ನಿ. ಅರ್ಧಕ್ಕೆ ನಿಂತರೆ ಹೆಣ್ಣುಮಗಳನ್ನು ಇನ್ನೊಂದು ಸಲ ಹೊರಗೆ ಕಳಿಸುವುದು ನನ್ನ ಕೈಯಲ್ಲಿಲ್ಲ.” ಕೆ.ಆರ್. ನಗರದಲ್ಲಿ ನಮ್ಮ ತಂದೆಯೂ ಹೆಚ್ಚು ಕಡಿಮೆ ಅದನ್ನೇ ಹೇಳಿದ್ದರು. ಪಿರಿಯಾಪಟ್ಟಣದ ಕಡೆಯ ಒಂದು ಸಂಬಂಧವನ್ನು ಬೇಸಿಗೆ ಕಳೆಯಲಿ ಎಂದು ತಡೆದು ಇಟ್ಟಿದ್ದರು.

ಮರವಿದ್ದ ಹೊಲ ಆ ಊರಿನ ಯಜಮಾನರದು. ಮಾಗಿಯ ಚಳಿಯಲ್ಲಿ ಮೊದಲ ಸಲ ಅವರ ಜಗಲಿಗೆ ಹೋಗಿ ಅಪ್ಪಣೆ ಕೇಳಿದಾಗ ಅವರು ನಕ್ಕಿದ್ದರು.

“ಗಿಡುಗನ್ ಕಾಯಾಕೆ ಓದ್ದೋರು ಬಂದವ್ರೆ! ಕೋಳಿ ಕಾಯೋರ್ನ ಯಾರೂ ಕಳ್ಸಾಕಿಲ್ವಲ್ಲ ಅಮ್ಮಣ್ಣಿ?”

“ಅದು ತಿನ್ನೋದು ಇಲಿ, ಓತಿಕ್ಯಾತ, ಅಳಿಲು. ಕೋಳಿ ಹಿಡಿಯೋದು ಅಪರೂಪ, ಯಜಮಾನ್ರೇ,” ಎಂದೆ.

“ಓಗ್ಲಿ ಬುಡಿ, ನಿಮ್ ಮಾತು ನಂಬ್ತೀನಿ. ಆದ್ರೆ ನಮ್ಮಟ್ಟಿಯಿಂದ ಒಂದ್ ಕೋಳಿ ಓಯ್ತು ಅನ್ನಿ, ಅವತ್ತೇ ಆ ಗೂಡಿಗೆ ಬೆಂಕಿ. ಆಮೇಲೆ ಅಳಂಗಿಲ್ಲ.”

“ಆಗಲಿ,” ಎಂದು ಒಪ್ಪಿಕೊಂಡಿದ್ದೆ. ಹೊಲದ ಬದುವಿನ ಮೇಲೆ ಸೊಪ್ಪಿನ ಮರೆ ಕಟ್ಟಿಕೊಂಡು ಅಂದಿನಿಂದ ಅದರೊಳಗೆ ಕೂತು ನೋಡುತ್ತಿದ್ದೆ.

ಹುಂಜ ಯಜಮಾನರ ತಾಯಿಯದು. ಊರಿಗೆಲ್ಲ ಅವರು ಅಜ್ಜಿ. ಮೊಮ್ಮಗನಿಗೆ ಮೈತುಂಬ ಅಮ್ಮ ಎದ್ದು ಕಣ್ಣು ಬಿಡಲಾಗದೆ ಮಲಗಿದ್ದಾಗ ಅಜ್ಜಿ ಮಾರಮ್ಮನಿಗೆ ಹುಂಜದ ಹರಕೆ ಹೊತ್ತರು. ಮಗು ಎದ್ದು ಕೂತ ದಿನ ಹುಂಜದ ಕಾಲಿಗೆ ಅರಿಸಿನದ ದಾರ ಕಟ್ಟಿ ಬಿಟ್ಟರು. ಹಾಗೆ ಬಿಟ್ಟ ಹುಂಜವನ್ನು ಮಾರಿಹಬ್ಬದವರೆಗೆ ಯಾರೂ ಮಂಕರಿಯಡಿ ಮುಚ್ಚುವಂತಿಲ್ಲ, ಅಟ್ಟುವಂತಿಲ್ಲ. ಒಣಹಾಕಿದ ರಾಗಿಗೆ ಬಾಯಿ ಹಾಕಿದರೂ ಕೈ ಎತ್ತುವಂತಿಲ್ಲ. ಅದು ದೇವಿಯ ಪಾಲು. ದೇವಿಯ ಪಾಲನ್ನು ಮನುಷ್ಯರು ಬಚ್ಚಿಡಬಾರದು. ಗಿಡುಗದ ನೆರಳು ಹಾಯ್ದರೆ ಊರಿನ ಉಳಿದ ಕೋಳಿಗಳು ಕೊಟ್ಟಿಗೆಗೆ ಓಡುತ್ತಿದ್ದವು. ಇದು ಯಾರಿಗೂ ಹೆದರಿ ಗೊತ್ತಿಲ್ಲದ ಹುಂಜ. ಕೊಯ್ಲು ಮುಗಿದು ಬೋಳಾದ ಹೊಲದ ನಡುವೆ ನಿಂತು ಕತ್ತು ಓರೆ ಮಾಡಿ ಆಕಾಶ ನೋಡುತ್ತಿತ್ತು.

ಕಾಲನ್ನು ಡಬ್ಬಿಗೆ ಹಾಕಿಕೊಂಡು ನೀರು ಕುಡಿಯಲು ಊರೊಳಗೆ ಹೋದೆ. ಕೊನೆಯ ಮನೆಯ ಮುಂದೆ ಜನ ಸೇರಿದ್ದರು. ಅದು ಒಬ್ಬ ವಿಧವೆಯ ಮನೆ. ಕೂಲಿ ಮಾಡಿ ಬದುಕುವ, ನಾಲಿಗೆ ಹರಿತವಾದ ಹೆಂಗಸು. ಕೆಲವು ದಿನಗಳ ಹಿಂದೆ ಅದೇ ಹುಂಜ ಆಕೆಯ ಮೆಣಸಿನ ಸಸಿಯ ಪಾತಿಯನ್ನೆಲ್ಲ ಕೆರೆದು ಹಾಕಿತ್ತು. ಆಕೆ ಪೊರಕೆ ಎಸೆದು ಬೈದದ್ದು ನನ್ನ ಸೊಪ್ಪಿನ ಮರೆಗೂ ಕೇಳಿಸಿತ್ತು.

“ಅವತ್ತೇ ಅಂದಿದ್ಲಲ್ಲ, ಕತ್ತು ಮುರೀತೀನಿ ಅಂತ,” ಅಜ್ಜಿ ಕೋಲು ನೆಲಕ್ಕೆ ಕುಟ್ಟುತ್ತಿದ್ದರು. “ಮುರುದ್ಲು, ಸಾರ್ ಮಾಡುದ್ಲು, ಉಂಡ್ಲು!”

“ಉಂಡಿದ್ರೆ ಮೂಳೆ ಎಲ್ಲವ್ವ? ನಮ್ಮನೆ ನಾಯಿಗೂ ಒಂದ್ ಮೂಳೆ ಸಿಕ್ಕಿಲ್ಲ, ಅದ್ರ ಮೊಕ ನೋಡ್ರಿ,” ವಿಧವೆ ಬಾಗಿಲಿಗೆ ಅಡ್ಡ ನಿಂತು ಹೇಳಿದಳು. “ಒಳಕ್ ಬನ್ನಿ, ಮಡಕೆ ಮೂಸ್ ನೋಡಿ. ಉಪ್ಸಾರ್ ವಾಸ್ನೆ ಬಿಟ್ರೆ ಇನ್ನೊಂದ್ ಬಂದ್ರೆ ನನ್ನ ಕೇಳಿ.”

ಯಾರೋ ನಕ್ಕರು. ಯಜಮಾನರು ನಗಲಿಲ್ಲ.

“ಮಾತ್ ಬ್ಯಾಡ. ನಾಳೆ ಮಂಗ್ಳಾರ. ಮಾರವ್ವನ್ ಮುಂದೆ ದೀಪ ಆರ್ಸಿ, ನಾ ಮುಟ್ಟಿಲ್ಲ ಅಂತ ಆಣೆ ಮಾಡು. ಮುಗೀತು.”

ವಿಧವೆ ಹಿಂದಕ್ಕೆ ತಿರುಗಿ ಒಳಗಿನ ಕತ್ತಲೆಯ ಕಡೆ ನೋಡಿದಳು. ಹೆರಿಗೆಗೆಂದು ತವರಿಗೆ ಬಂದ ಮಗಳು ಗೋಡೆಗೆ ಒರಗಿ ಕೂತಿದ್ದಳು.

“ಮಗಳು ತುಂಬಿದ್ ಬಸ್ರಿ ಕಣ್ರಪ್ಪ. ಬಸ್ರಿ ಇರೋ ಮನೆಯೋರು ದೀಪ ಆರ್ಸ್ತಾರಾ? ಇನ್ನೇನ್ ಬೇಕಾರೂ ಕೇಳಿ, ಮಾಡ್ತೀನಿ.”

“ಕದ್ದೋರೆಲ್ಲ ಇಂಗೇ ಅನ್ನೋದು,” ಎಂದರು ಅಜ್ಜಿ.

“ಆರ್ಸ್ದೇ ಓದ್ರೆ ಈ ಬಾವೀಲಿ ನೀರ್ ಸೇದ್ಬ್ಯಾಡ,” ಯಜಮಾನರ ದನಿ ಏರಲಿಲ್ಲ. “ಒಲಕ್ಕೆ ಕೂಲಿಗ್ ಬರ್ಬ್ಯಾಡ. ನಿನ್ ಮಗಳ ಎರ್ಗೆಗೂ ಈ ಊರಿಂದ ಒಬ್ರೂ ಬರಾಕಿಲ್ಲ.”

ಆ ಊರಿನಲ್ಲಿ ಹೆರಿಗೆ ಮಾಡಿಸುತ್ತಿದ್ದವರು ಅಜ್ಜಿಯೇ. ಡಬ್ಬಿ ನನ್ನ ಕಂಕುಳಲ್ಲಿತ್ತು. ಅಲ್ಲೇ ತೆರೆದರೆ ಸಂಜೆಯೊಳಗೆ ಗೂಡು ಬೂದಿ. ನೀರು ಕುಡಿಯದೆ ಹಂಪಾಪುರದ ದಾರಿ ಹಿಡಿದೆ.

ಚಿಕ್ಕಮ್ಮ ನನ್ನ ಡಬ್ಬಿಯನ್ನು ಯಾವತ್ತೂ ಮನೆಯೊಳಗೆ ಬಿಟ್ಟವರಲ್ಲ. ಅದು ಹಿತ್ತಲಿನ ಕೊಟ್ಟಿಗೆಯ ಗೋಡೆಗೂಡಿನಲ್ಲಿರಬೇಕು, ನಾನು ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡೇ ಒಳಗೆ ಬರಬೇಕು. ಅಂದು ಸಂಜೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನಡೆದದ್ದನ್ನೆಲ್ಲ ಕೇಳಿಸಿಕೊಂಡರು.

“ಆ ಕಾಲನ್ನ ಯಾರಾದ್ರೂ ನೋಡಿದ್ರೇನೇ?”

“ಇಲ್ಲ.”

“ಹಾಗಾದ್ರೆ ತಿಪ್ಪೆಗೆ ಎಸೆದು ಕೈ ತೊಳ್ಕೊ. ಆ ಊರಿನ ಜಗಳ ಅವರಿಗಿರಲಿ. ನಿನ್ನ ಹಕ್ಕಿ ಹಾರಿಹೋದ್ಮೇಲೆ ನಿನಗೂ ಆ ಊರಿಗೂ ಏನು?”

“ಹಕ್ಕಿ ಹಾರೋಕೆ ಎರಡು ವಾರ ಬೇಕು, ಚಿಕ್ಕಮ್ಮ. ಆಣೆ ನಾಳೆ.”

“ಆ ಹುಡುಗಿಗೆ ಇದು ಚೊಚ್ಚಲೇನೇ?” ಎಂದು ಕೇಳಿದರು. ಹೌದೆಂದೆ. ಅವರು ಒಳಗೆ ಹೋದರು.

ಮಂಗಳವಾರ ನಾನು ಹೋಗುವ ಹೊತ್ತಿಗೆ ಗುಡಿಯ ಮುಂದಿನ ಚಪ್ಪಡಿಯ ಮೇಲೆ ಹಣತೆ ಉರಿಯುತ್ತಿತ್ತು. ಗಾಳಿಯಿಲ್ಲದೆ ಜ್ವಾಲೆ ನೆಟ್ಟಗೆ ನಿಂತಿತ್ತು. ವಿಧವೆ ಮಿಂದು ಒದ್ದೆ ಸೀರೆಯಲ್ಲಿ ಬಂದಿದ್ದಳು. ಮಗಳು ಬಂದಿರಲಿಲ್ಲ. ಆಕೆ ಆರಿಸಲಾರಳೆಂದು ನಾನು ನಂಬಿದ್ದೆ. ಆದರೆ ಹೆರಿಗೆಗೆ ಯಾರೂ ಬರುವುದಿಲ್ಲ ಎಂಬ ಮಾತು ಒಳಗೆ ಕೆಲಸ ಮಾಡಿತ್ತೆಂದು ಕಾಣುತ್ತದೆ. ಆಕೆ ಚಪ್ಪಡಿಯ ಮುಂದೆ ಕೂತು ಎರಡು ಬೆರಳನ್ನು ನೀರಿಗೆ ಅದ್ದಿದಳು.

“ನಿಲ್ಲಿ,” ಎಂದೆ.

ನನ್ನ ದನಿ ನನಗೇ ದೊಡ್ಡದಾಗಿ ಕೇಳಿತು. ಡಬ್ಬಿ ತೆರೆದು, ಕಾಗದ ಬಿಚ್ಚಿ, ಕಾಲನ್ನು ಹಣತೆಯ ಪಕ್ಕದಲ್ಲಿಟ್ಟೆ.

ಅಜ್ಜಿ ಬಗ್ಗಿ ದಾರವನ್ನು ಮುಟ್ಟಿ ನೋಡಿದರು. “ನಾನ್ ಆಕಿದ್ ಗಂಟೇ ಕಣ್ಲಾ ಇದು.”

“ಎಲ್ ಸಿಕ್ತು?” ಯಜಮಾನರು ಕೇಳಿದರು.

“ಮತ್ತಿಮರದ ಕೆಳಗೆ.”

“ಗಿಡುಗವಾ?”

“ಹೌದು.”

“ಅಪರೂಪ ಅಂದಿದ್ರಿ.”

“ಅಂದಿದ್ದೆ.”

“ಒಂದ್ ಕೋಳಿ ಓದ್ರೆ ಏನಂತ ಮಾತಾಗಿತ್ತು ಅಮ್ಮಣ್ಣಿ?”

“ಬೆಂಕಿ ಅಂತ,” ಎಂದೆ.

ವಿಧವೆ ಇನ್ನೂ ಒದ್ದೆ ಬೆರಳನ್ನು ಗಾಳಿಯಲ್ಲಿ ಹಿಡಿದುಕೊಂಡೇ ಕೂತಿದ್ದಳು. ಯಾರೂ ಅವಳ ಕಡೆ ನೋಡಲಿಲ್ಲ. ಗಂಡಸರು ಹುಲ್ಲಿನ ಕಂತೆ, ಉದ್ದನೆಯ ಬಿದಿರು ತೆಗೆದುಕೊಂಡು ಹೊಲದ ಕಡೆ ಹೊರಟರು. ನಾನೂ ಹಿಂದೆ ಹೋದೆ. ಹೋಗಿ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಕೊಟ್ಟ ಮಾತು ನನ್ನದೇ.

ಒಬ್ಬ ಹುಲ್ಲಿನ ಕಂತೆಯನ್ನು ಬಿದಿರಿನ ತುದಿಗೆ ಕಟ್ಟಿ ಕೆಳಗಿನ ಕವೆಯವರೆಗೆ ಹತ್ತಿದ. ತಾಯಿಹಕ್ಕಿ ಮರದ ಮೇಲೆಯೇ ಸುತ್ತುತ್ತಾ, ಒಂದರ ಮೇಲೊಂದು ಏರುವ ಸಿಳ್ಳಿನಂತೆ ಕೂಗುತ್ತಿತ್ತು. ಮರಿ ಗೂಡಿನ ಒಳಕ್ಕೆ ಅಡಗಿ ಕೂತಿತು. ಎಲೆ ಉದುರಿದ ಮರ. ಮರಿಯ ತಲೆಯ ಮೇಲಿನ ನಾಲ್ಕು ಗರಿ ನನಗೆ ಕಾಣುತ್ತಲೇ ಇದ್ದವು. ಕೆಳಗೆ ಯಜಮಾನರು ಬೆಂಕಿಪೊಟ್ಟಣ ತೆಗೆದರು.

“ಇಳೀಲಾ ಕೆಳಕ್ಕೆ!”

ಅಜ್ಜಿ ಕೋಲೂರಿಕೊಂಡು, ಏದುಸಿರು ಬಿಡುತ್ತಾ, ಬದು ದಾಟಿ ಬರುತ್ತಿದ್ದರು. ಕಾಲು ಅವರ ಸೆರಗಿನಲ್ಲಿತ್ತು.

“ಯಾಕವ್ವ?” ಯಜಮಾನರು ತಿರುಗಿದರು.

“ಮನುಷ್ಯರು ಕದ್ದಿದ್ರೆ ಕಳ್ತನ. ಇದ್ ಕಳ್ತನವೇನ್ಲಾ? ಮಾರವ್ವನ್ ಪಾಲು, ಅವಳೇ ಬಂದ್ ತಕ್ಕಂಡವ್ಳೆ. ನೀವ್ ಕುಯ್ಯೋಗಂಟ ಕಾಯ್ನಿಲ್ಲ ಅಷ್ಟೇಯ. ಅವಳು ಉಂಡ ತಟ್ಟೆಗೆ ಬೆಂಕಿ ಇಕ್ತೀಯೇನ್ಲಾ ನೀನು?”

ಬೆಂಕಿಪೊಟ್ಟಣ ಜೇಬಿಗೆ ಮರಳಿತು. ಮೇಲೆ ಹತ್ತಿದ್ದವನು ಇಳಿದು, ಮರಕ್ಕೆ ಕೈ ಮುಗಿದು, ಕಂತೆಯನ್ನು ಹೆಗಲಿಗೆ ಹಾಕಿಕೊಂಡ. ನಾನು ಬದುವಿನ ಮೇಲೆ ಕೂತುಬಿಟ್ಟೆ. ಎಲ್ಲ ಮುಗಿಯಿತು ಎಂದುಕೊಂಡೆ.

ಮಾರನೆಯ ದಿನ ನಾನು ಬರುವಾಗ ಮರದ ಬುಡಕ್ಕೆ ಅರಿಸಿನ ಬಳಿದಿದ್ದರು, ಧೂಪ ಹಾಕಿದ್ದರು. ಸುದ್ದಿ ಹಂಪಾಪುರದ ಸಂತೆಗೆ ಮುಟ್ಟಿತು. ಅಲ್ಲಿಂದ ಎಲ್ಲೆಲ್ಲಿಗೋ ಹೋಯಿತು. ಮಾರಮ್ಮ ಗಿಡುಗದ ರೂಪದಲ್ಲಿ ಹರಕೆ ಒಯ್ದಳಂತೆ. ಶುಕ್ರವಾರದ ಹೊತ್ತಿಗೆ ಹುಣಸೂರಿನ ಕಡೆಯ ಕಟ್ಟೆಮಳಲವಾಡಿಯಿಂದ ಯಜಮಾನರ ನೆಂಟರು ಗಾಡಿ ಕಟ್ಟಿಸಿಕೊಂಡು ಬಂದರು. ತಮಟೆಯವರು ಬಂದರು. ಯಾರೋ ಕೋಳಿಯನ್ನು ತಂದು ಬುಡಕ್ಕೆ ಕಟ್ಟಿ, ದೇವಿ ಇಳಿದು ಬಂದು ಒಯ್ಯಲಿ ಎಂದು ಬಾಯಿ ತೆರೆದು ಮೇಲೆ ನೋಡುತ್ತಾ ನಿಂತರು.

ಗಿಡುಗ ಇಳಿಯಲಿಲ್ಲ. ಗಂಡು ಕಾಲಿನಲ್ಲಿ ಓತಿಕ್ಯಾತ ಹಿಡಿದು ಬಂತು. ದೂರದಲ್ಲೇ ಒಂದು ಸುತ್ತು ಹಾಕಿ, ತಮಟೆಯ ಸದ್ದಿಗೆ ಓರೆಯಾಗಿ ತಿರುಗಿ ಕಾಡಿನ ಮೇಲೆ ಮರೆಯಾಯಿತು. ಹೆಣ್ಣು ಕಾಡಿನಂಚಿನ ಒಣಮರದ ಮೇಲೆ ಕೂತು ನೋಡುತ್ತಿತ್ತು, ಹತ್ತಿರ ಬರಲಿಲ್ಲ. ಮರಿ ಆ ದಿನವಿಡೀ ಹಸಿದು ಕೂಗಿತು. ಅದರ ಕೂಗು ಕೇಳಿದಾಗಲೆಲ್ಲ ಕೆಳಗಿನವರು ಕೈ ಮುಗಿದರು.

ಅದರ ಮಾರನೆಯ ದಿನ ಕೂಗು ಕಡಿಮೆಯಾಯಿತು. ತಮಟೆ ಜೋರಾದಾಗಲೆಲ್ಲ ಮರಿ ಹೆದರಿ ಗೂಡಿನ ಅಂಚಿಗೆ ಸರಿಯುತ್ತಿತ್ತು. ಹಾರಿದರೆ ನೆಲಕ್ಕೇ. ನೆಲದಲ್ಲಿ ಊರ ನಾಯಿಗಳೆಲ್ಲ ಇದ್ದವು. ನಾನು ಯಜಮಾನರ ಜಗಲಿಗೆ ಹೋದೆ.

“ಜನರನ್ನ ಒಸಿ ದಿವಸ ದೂರ ಇಡಿ. ಇಲ್ಲದಿದ್ರೆ ಮರಿ ಉಳಿಯಲ್ಲ.”

“ಸುಡಂಗೂ ಇಲ್ಲ, ಕೈ ಮುಗಿಯಂಗೂ ಇಲ್ಲ. ಮತ್ತೇನ್ ಮಾಡ್ಬೇಕು ಅಮ್ಮಣ್ಣಿ ನಾವು?” ಅವರ ಮುಖದಲ್ಲಿ ಕುಚೋದ್ಯವಿರಲಿಲ್ಲ, ದಣಿವಿತ್ತು. “ಮಾರವ್ವನ್ ಪೂಜೆ ನಿಲ್ಸು ಅಂತ ಜನಕ್ಕೆ ಯಾವ್ ಬಾಯಲ್ ಏಳ್ಲಿ? ಅವಳ್ ಮುಂದೆ ನನ್ ಮಾತೂ ನಡಿಯಾಕಿಲ್ಲ, ನಿಮ್ದೂ ನಡಿಯಾಕಿಲ್ಲ.”

ಸೊಪ್ಪಿನ ಮರೆಗೆ ಮರಳಿದಾಗ ಒಳಗೆ ವಿಧವೆ ಕೂತಿದ್ದಳು.

“ಯಾಕ್ ಕೂಗ್ತಾ ಇಲ್ಲ ಅದು?”

“ಹಸಿವು. ಜನ ಇದ್ದರೆ ಅದರ ತಂದೆತಾಯಿ ಹತ್ತಿರ ಬರಲ್ಲ. ಇವತ್ತು ಸಂಜೆಯೊಳಗೆ ತಿನ್ನದಿದ್ರೆ ಬದುಕೋದು ಕಷ್ಟ.”

ಆಕೆ ಸೊಪ್ಪಿನ ಸಂದಿಯಿಂದ ಮರದ ಕಡೆಯೇ ನೋಡುತ್ತಿದ್ದಳು. “ಏಟ್ ದಿನದ್ ಮರಿ?”

“ಇನ್ನು ಹಾರೋದೊಂದೇ ಬಾಕಿ. ಇನ್ನೂ ಗೂಡಿನಲ್ಲೇ ಸಾಕ್ತಾ ಇವೆ.”

“ಅಂದ್ರೆ ಬಾಣಂತಿ,” ಎಂದು ಎದ್ದಳು. ಸೆರಗು ಸಿಕ್ಕಿಸಿಕೊಂಡು ಬದು ಇಳಿದು ನಡೆದೇಬಿಟ್ಟಳು. ಏನು ಮಾಡುತ್ತಾಳೋ ಎಂದು ನಾನು ಹಿಂದೆ ಓಡಿದೆ.

ಆಕೆ ಜನರನ್ನು ತಳ್ಳಿಕೊಂಡು ಹೋಗಿ ತಮಟೆಯ ಮೇಲೆ ಅಂಗೈ ಇಟ್ಟಳು. ಸದ್ದು ನಿಂತಿತು.

“ಏನ್ರೋ, ಬಾಣಂತಿ ಮನೆ ಬಾಗ್ಲಲ್ಲಿ ತಮಟೆ ಬಡೀತಿದ್ದೀರಲ್ಲ, ನಿಮ್ಮನೇಲಿ ಯಾರೂ ಎತ್ತಿಲ್ವೇನ್ರೋ?”

“ಯಾರಮ್ಮಿ ಬಾಣಂತಿ?” ಎಂದರು ಅಜ್ಜಿ.

“ಮೇಲ್ ನೋಡವ್ವ, ಕಾಣ್ತಿಲ್ವಾ? ಮರಿ ಇಕ್ಕಂಡವ್ಳೆ. ಪುರುಡಿರೋ ಮನೇಲಿ ದೀಪ ಹಚ್ತೀರಾ? ಗಂಟೆ ಬಡೀತೀರಾ? ನಮ್ಮನೇಲಿ ಎತ್ರೆ ಪುರುಡು ಕಳ್ಯೋಗಂಟ ದೇವರ ಗೂಡಿನ ಕಡೆ ತಲೆ ಆಕ್ಬ್ಯಾಡಿ ಅಂತೀಯ. ಇಲ್ಲಿ ಪುರುಡಿನ್ ಮನೆಗೇ ಧೂಪ ಆಕ್ಸ್ತಿದ್ದೀಯಲ್ಲ, ನಾಳೆ ಯಾರ್ ಮನೇಲಿ ಅಮ್ಮ ಏಳ್ತಾಳೋ!”

ಜನ ಒಂದು ಹೆಜ್ಜೆ ಹಿಂದೆ ಸರಿದದ್ದನ್ನು ನಾನು ಕಂಡೆ. ಧೂಪದ ಮಡಕೆ ಹಿಡಿದವನು ಅದನ್ನು ಬೆನ್ನ ಹಿಂದೆ ಮಾಡಿಕೊಂಡ. ಲಿಂಗ ಕಟ್ಟುವ ನಮ್ಮ ಮನೆಗಳಲ್ಲಿ ಹೆರಿಗೆಯ ಸೂತಕ ಪಾಲಿಸುವುದಿಲ್ಲ. ಅಂಥ ಮಾತು ನನ್ನ ತಲೆಗೆ ಹೊಳೆಯುವ ಹಾಗೆಯೇ ಇರಲಿಲ್ಲ. ಅಜ್ಜಿ ಮೇಲೆ ನೋಡಿದರು, ವಿಧವೆಯನ್ನು ನೋಡಿದರು, ಕೊನೆಗೆ ನನ್ನ ಕಡೆ ತಿರುಗಿದರು. ಎಲ್ಲರೂ ತಿರುಗಿದರು.

“ಅಮ್ಮಣ್ಣಿ, ನೀವ್ ಓದ್ದೋರು. ಇದ್ರ ಪುರುಡು ಕಳ್ಯೋದ್ ಯಾವತ್ತು?”

ವಿಧವೆ ನನ್ನನ್ನು ನೋಡಲಿಲ್ಲ. ತಮಟೆಯ ಮೇಲಿನ ಕೈಯನ್ನೂ ತೆಗೆಯಲಿಲ್ಲ. ಹಕ್ಕಿಗೆ ಪುರುಡು ಎಂಬುದಿಲ್ಲ ಎನ್ನುವುದು ನನ್ನ ವಿದ್ಯೆ. ಆದರೆ ಸುಳ್ಳಾಡದೆ ನಾನು ಹೇಳಬಹುದಾದ ಒಂದು ಮಾತಿತ್ತು.

“ಮರಿ ಹಾರೋವರೆಗೂ ಯಾರೂ ಹತ್ತಿರ ಬರಬಾರದು, ಅಜ್ಜಿ,” ಎಂದೆ.

ಬುಡಕ್ಕೆ ಕಟ್ಟಿದ್ದ ಕೋಳಿಯನ್ನು ಬಿಚ್ಚಿಕೊಂಡು ಹೋದರು. ಕಟ್ಟೆಮಳಲವಾಡಿಯವರು ಗಾಡಿಗೆ ಎತ್ತುಗಳನ್ನು ಹೂಡಿದರು. ಬಯಲು ಖಾಲಿಯಾಯಿತು. ವಿಧವೆ ಮಗಳ ಬಳಿ ಹೋದಳು. ನಾನು ಮರೆಯೊಳಗೆ ಕೂತೆ. ಮರಿ ಗೂಡಿನಲ್ಲಿ ಮಲಗಿತ್ತು. ಗಾಳಿಗೆ ಅದರ ಗರಿ ಅಲುಗುತ್ತಿತ್ತೇ ಹೊರತು ಅದು ಅಲುಗುತ್ತಿರಲಿಲ್ಲ. ದುರ್ಬೀನು ಹಿಡಿದ ಕೈ ಸೋತು ಮತ್ತೆ ಮತ್ತೆ ಇಳಿಸಬೇಕಾಯಿತು. ಹೊತ್ತು ಇಳಿದು ಮರದ ನೆರಳು ಬದುವನ್ನು ಮುಟ್ಟಿದಾಗ ಗಂಡು ಬಂತು. ಬಾಯಿ ಬಿಡದೆ, ತಗ್ಗಿನಲ್ಲಿ ಹಾರಿ ಬಂದು ಗೂಡಿಗೆ ಏನನ್ನೋ ಹಾಕಿ ಹೋಯಿತು. ಹಿಂದೆಯೇ ಹೆಣ್ಣು ಬಂದು ಅಂಚಿನಲ್ಲಿ ಕೂತಿತು. ಮರಿ ಏಳಲಿಲ್ಲ. ಹೆಣ್ಣು ಹರಿದು ಒಂದು ಚೂರನ್ನು ಕೊಕ್ಕಿನಲ್ಲಿ ಹಿಡಿದು ಬಗ್ಗಿತು. ಹಾಗೇ ಬಗ್ಗಿಕೊಂಡೇ ಇತ್ತು. ಬಹಳ ಹೊತ್ತಾದ ಮೇಲೆ ಕೆಳಗಿನಿಂದ ಒಂದು ಸಣ್ಣ ಕೊಕ್ಕು ಮೇಲೆದ್ದು ಆ ಚೂರನ್ನು ತೆಗೆದುಕೊಂಡಿತು.

ಮರಿ ಹಾರಿದ್ದು ಮೊದಲ ಮಳೆಗೆ ಮುಂಚೆ. ಮತ್ತಿಮರದಿಂದ ಕಾಡಿನಂಚಿನ ಒಣಮರದವರೆಗೆ, ಒಂದೇ ಉಸಿರಿಗೆ, ಇಳಿಯುವಾಗ ಕೊಂಬೆ ತಪ್ಪಿ ತಡಬಡಾಯಿಸಿ. ನಾನು ಹೇಳಲೆಂದು ಕೊನೆಯ ಮನೆಗೆ ಹೋದೆ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿತ್ತು. ಒಳಗೆ ಕೂಸಿನ ಅಳು.

“ಅಲ್ಲೇ ನಿಂತ್ಕಳಿ ಅಮ್ಮಣ್ಣಿ!” ವಿಧವೆ ಒಳಗಿನಿಂದಲೇ ಕೂಗಿದಳು. “ನಿಮ್ ಬಾಣಂತಿದು ಕಳೀತು, ನಮ್ದು ಇನ್ನೂ ಅದೆ. ಎಣ್ಣ್ ಕೂಸು ಕಣ್ರವ್ವ.”

ಅಜ್ಜಿ ಕೈ ಒರೆಸಿಕೊಳ್ಳುತ್ತಾ ಹಿತ್ತಲಿನಿಂದ ಬಂದರು. ತುಂಬ ಕಷ್ಟವಾಯಿತಂತೆ. ಕೂಸಿನ ತಲೆ ಕೆಳಕ್ಕೆ ತಿರುಗಿರಲಿಲ್ಲವಂತೆ. “ನನ್ ಕೈಲಾಗಾಕಿಲ್ಲ ಅನ್ನುಸ್ಬುಡ್ತು. ಮಾರವ್ವಂಗೆ ಅರಕೆ ಒತ್ಕಂಡೆ, ಕೂಸು ಬಂತು ನೋಡಿ,” ಎಂದು ಹೊಲದ ಕಡೆ ಗದ್ದ ಎತ್ತಿ ತೋರಿಸಿದರು.

ಬೋಳು ಬಯಲಿನ ನಡುವೆ ಎಳೆಯ ಹುಂಜವೊಂದು ನಡೆದು ಹೋಗುತ್ತಿತ್ತು. ಕಾಲಿನಲ್ಲಿ ಹೊಸ ಅರಿಸಿನದ ದಾರ. ಅದರ ಮೇಲೆ ಮಂಕರಿ ಮುಚ್ಚಿ ಎಂದು ನಾನು ಹೇಳಬೇಕೆಂದುಕೊಂಡೆ, ಅಜ್ಜಿಯ ಮುಖ ನೋಡಿ ಸುಮ್ಮನಾದೆ. ಹುಂಜ ನಿಂತು, ಕತ್ತು ಓರೆ ಮಾಡಿ, ಆಕಾಶ ನೋಡಿತು.